ಸಪೋರ್ಟ್ ನಿಲ್ಲಿಸುವ ಮೊದಲು ಬೀಗದ ಕೈ ಕೊಟ್ಟುಹೋಗಿ: ಯಂತ್ರ ಮತ್ತು ಸಾಫ್ಟ್‌ವೇರ್ ತಯಾರಕರಿಗೆ ಬಹಿರಂಗ ಪತ್ರ

ಮಾನ್ಯರೇ,

ಲೇತ್, ಹೆಣಿಗೆ ಯಂತ್ರ, ಎಕ್ಸ್‌ರೇ ಉಪಕರಣ, ಪ್ರಯೋಗಾಲಯದ ಸ್ಪೆಕ್ಟ್ರೋಮೀಟರ್, ಮುದ್ರಣಾಲಯದ ಪ್ಲೇಟ್ ಯಂತ್ರ: ಇಂಥವುಗಳ ಪಕ್ಕದಲ್ಲಿ ಕೂತು ಅವನ್ನು ನಡೆಸುವ ಹಳೆಯ ಕಂಪ್ಯೂಟರ್‌ಗಳನ್ನು ರಿಪೇರಿ ಮಾಡುವವರು ನಾವು. ಕೆಲವು ವಿಂಡೋಸ್‌ಗೂ ಮೊದಲಿನ ಡಾಸ್‌ನಲ್ಲಿ ಓಡುತ್ತವೆ, ಕೆಲವು ವಿಂಡೋಸ್ 98ರಲ್ಲಿ, ಬಹಳಷ್ಟು ವಿಂಡೋಸ್ ಎಕ್ಸ್‌ಪಿಯಲ್ಲಿ. ಲೆಕ್ಕಪತ್ರದ ಹಳೆಯ ಪ್ರೋಗ್ರಾಂ ಒಂದನ್ನೇ ನಂಬಿ ವ್ಯವಹಾರ ನಡೆಸುವವರೂ ನಮ್ಮ ಬಳಿ ಬರುತ್ತಾರೆ. ಇವರಲ್ಲಿ ಯಾರೂ ಹಳೆಯದರ ಮೋಹಕ್ಕೆ ಹಳೆಯದನ್ನು ಇಟ್ಟುಕೊಂಡವರಲ್ಲ. ಯಂತ್ರದ ಕಬ್ಬಿಣ ಗಟ್ಟಿಯಾಗಿದೆ, ಅಳತೆ ಸರಿಯಾಗಿದೆ. ಅದನ್ನು ನಡೆಸಬಲ್ಲ ಸಾಫ್ಟ್‌ವೇರ್ ಮಾತ್ರ ಆ ಒಂದೇ ಕಂಪ್ಯೂಟರಿನಲ್ಲಿದೆ.

ಆ ಕಂಪ್ಯೂಟರ್ ನಿಂತಾಗ ಗ್ರಾಹಕರು ಮೊದಲು ಕೇಳುವುದು ನಿಮ್ಮನ್ನೇ. ಆ ಮಾದರಿಯ ಸಪೋರ್ಟ್ ಮುಗಿದಿದೆ, ಹೊಸದನ್ನು ಕೊಳ್ಳಿ ಎಂಬ ಉತ್ತರ ಬರುತ್ತದೆ. ಹೊಸ ಕಂಪ್ಯೂಟರ್ ಕೊಂಡರೆ ಸಾಲದು. ಹೊಸ ಸಾಫ್ಟ್‌ವೇರ್ ಹಳೆಯ ಕಂಟ್ರೋಲರ್ ಕಾರ್ಡನ್ನು ಗುರುತಿಸುವುದಿಲ್ಲವಾದ್ದರಿಂದ ಇಡೀ ಯಂತ್ರವನ್ನೇ ಬದಲಿಸಬೇಕಾಗುತ್ತದೆ. ಕೈಗೆ ಸಿಗುವ ಬಿಡಿಭಾಗಗಳಿಂದ ಸರಿಯಾಗುವ ಒಂದು ದೋಷಕ್ಕಾಗಿ ಹಲವು ಟನ್ ತೂಕದ ಯಂತ್ರ ಗುಜರಿಗೆ ಹೋಗುತ್ತದೆ.

ಈ ಕಂಪ್ಯೂಟರ್‌ಗಳಲ್ಲಿ ಕೆಡುವ ವಸ್ತುಗಳಲ್ಲಿ ಹೆಚ್ಚಿನವಕ್ಕೆ ಪರಿಹಾರ ಇದೆ, ಅದು ಗುಟ್ಟೇನೂ ಅಲ್ಲ. ಪರಿಹಾರ ಇಲ್ಲದ ಸಂಗತಿಗಳು ಕೆಲವೇ. ಅವೆಲ್ಲ ನಿಮ್ಮ ಕಡತಗಳಲ್ಲಿವೆ, ಅವನ್ನು ಕೊಡಿ ಎಂದು ಕೇಳಲು ಈ ಪತ್ರ. ಎಲ್ಲಿಯವರೆಗೆ ನಮ್ಮ ಕೈ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಮೊದಲು ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ಹಿಡಿದಿಟ್ಟು ಸ್ಥಿರವಾಗಿ ಕೊಡುವ ಸಣ್ಣ ಡಬ್ಬಿ. ಸುಮಾರು 1999ರಿಂದ 2007ರವರೆಗೆ ತಯಾರಾದ ಬಹಳಷ್ಟು ಮದರ್‌ಬೋರ್ಡ್‌ಗಳಲ್ಲಿ ಒಳಗಿನ ದ್ರವ (ಎಲೆಕ್ಟ್ರೋಲೈಟ್) ಕಳಪೆಯಾಗಿದ್ದ ಕೆಪಾಸಿಟರ್‌ಗಳಿದ್ದವು. ಪ್ರೊಸೆಸರ್ ಸುತ್ತ ನಿಂತಿರುವ ಡಬ್ಬಿಗಳ ತಲೆ ಉಬ್ಬಿದೆಯೇ, ಬುಡದಲ್ಲಿ ಕಂದು ಕಲೆ ಇದೆಯೇ ನೋಡಿದರೆ ಅರ್ಧ ರೋಗ ತಿಳಿಯುತ್ತದೆ. ಕಂಪ್ಯೂಟರ್ ಬೆಳಿಗ್ಗೆ ಎರಡು ಮೂರು ಸಲ ಸ್ವಿಚ್ ಹಾಕಿದ ಮೇಲೆ ಏಳುವುದು, ಬಿಸಿಯಾದ ಮೇಲೆ ಸರಿಯಾಗಿ ಓಡುವುದು ಇದರ ಲಕ್ಷಣ. ಬದಲಿ ಹಾಕುವಾಗ ಮೈಕ್ರೋಫ್ಯಾರಡ್ ಅಷ್ಟೇ ಇರಬೇಕು, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚಿರಬೇಕು, 105 ಡಿಗ್ರಿಯದಾಗಿರಬೇಕು, ಆಂತರಿಕ ರೋಧ ಕಡಿಮೆ ಇರುವ ಬಗೆಯದೇ ಆಗಬೇಕು. ಸಾಮಾನ್ಯ ಕೆಪಾಸಿಟರ್ ಹಾಕಿದರೆ ಕೆಲವೇ ತಿಂಗಳಲ್ಲಿ ಅದೇ ದೋಷ ಮರಳಬಹುದು. ನೆಗೆಟಿವ್ ಕಾಲು ಯಾವುದೆಂದು ಬೋರ್ಡಿನ ಮೇಲೆ ಮಾಡುವ ಗುರುತು ಎಲ್ಲ ತಯಾರಕರದ್ದೂ ಒಂದೇ ರೀತಿ ಇರುವುದಿಲ್ಲ, ಹಾಗಾಗಿ ಕೀಳುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಲೇಬೇಕು. ಬೋರ್ಡಿನ ಒಳಪದರದ ತಾಮ್ರ ಬೆಸುಗೆಯ ಬಿಸಿಯನ್ನೆಲ್ಲ ಹೀರುತ್ತದೆ. ಹಳೆಯ ಬೆಸುಗೆಗೆ ಸೀಸ ಇರುವ ಹೊಸ ಬೆಸುಗೆ ಸ್ವಲ್ಪ ಸೇರಿಸಿ ಕರಗಿಸಿದರೆ ಕಾಲು ಸಲೀಸಾಗಿ ಬರುತ್ತದೆ. ಎಳೆದು ಕಿತ್ತರೆ ರಂಧ್ರದ ಒಳಗಿನ ಲೋಹದ ಲೇಪವೂ ಕಿತ್ತುಬರುತ್ತದೆ.

ಇನ್ನೂ ಹಳೆಯ 386, 486 ಪ್ರೊಸೆಸರ್‌ಗಳ ಬೋರ್ಡ್‌ಗಳಲ್ಲಿ ಶತ್ರು ಬ್ಯಾಟರಿ. 3.6 ವೋಲ್ಟಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅದು ಸೋರಿದರೆ ಹೊರಬರುವುದು ಕ್ಷಾರ. ಪಕ್ಕದ ಕೀಬೋರ್ಡ್ ಕಂಟ್ರೋಲರಿನ ತಾಮ್ರದ ಗೆರೆಗಳನ್ನು ಅದು ಮೊದಲು ತಿನ್ನುತ್ತದೆ. ಬ್ಯಾಟರಿ ತೆಗೆದು, ವಿನಿಗರ್ ಹಚ್ಚಿ ಕ್ಷಾರವನ್ನು ತಟಸ್ಥಗೊಳಿಸಿ, ಡಿಸ್ಟಿಲ್ಡ್ ನೀರಿನಿಂದ ತೊಳೆದು, ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒಣಗಿಸಿ, ತುಂಡಾದ ಗೆರೆಗಳಿಗೆ ತೆಳು ತಂತಿ ಬೆಸೆಯಬೇಕು. ಆ ಜಾಗಕ್ಕೆ ಸಿಆರ್2032 ನಾಣ್ಯ ಬ್ಯಾಟರಿ ಹಾಕುವವರು ಒಂದು ವಿಷಯ ಮರೆಯುತ್ತಾರೆ: ಅಲ್ಲಿ ಚಾರ್ಜ್ ಮಾಡುವ ಸರ್ಕ್ಯೂಟ್ ಇದೆ. ಚಾರ್ಜ್ ಆಗಬಾರದ ಬ್ಯಾಟರಿಗೆ ಕರೆಂಟ್ ನುಗ್ಗಿದರೆ ಅದು ಒಡೆಯಬಹುದು, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಒಂದು ನಡುವೆ ಇರಲೇಬೇಕು. ಇನ್ನು ಕೆಲವು ಬೋರ್ಡ್‌ಗಳಲ್ಲಿ ಬ್ಯಾಟರಿ ಕಣ್ಣಿಗೇ ಕಾಣುವುದಿಲ್ಲ. ಡಲ್ಲಾಸ್ ಕಂಪನಿಯ ಡಿಎಸ್1287, ಡಿಎಸ್12887 ಗಡಿಯಾರ ಚಿಪ್‌ಗಳ ಒಳಗೇ ಅದನ್ನು ಹುದುಗಿಸಿದ್ದಾರೆ. ಮೇಲಿನ ಪ್ಲಾಸ್ಟಿಕ್ಕನ್ನು ಎಚ್ಚರದಿಂದ ಉಜ್ಜಿ 16 ಮತ್ತು 20ನೇ ಪಿನ್‌ಗಳಿಗೆ ಒಳಗೆ ಹೋಗುವ ಸಂಪರ್ಕ ಕತ್ತರಿಸಿ, 20ಕ್ಕೆ ಪಾಸಿಟಿವ್, 16ಕ್ಕೆ ನೆಗೆಟಿವ್ ಬರುವಂತೆ ಹೊರಗಿನಿಂದ 3 ವೋಲ್ಟ್ ಕೊಟ್ಟರೆ ಚಿಪ್ ಮತ್ತೆ ಜೀವ ಹಿಡಿಯುತ್ತದೆ.

ಬ್ಯಾಟರಿ ಸತ್ತರೆ ಗಡಿಯಾರದ ಜೊತೆ, ಕಂಪ್ಯೂಟರ್ ಏಳುವಾಗ ಮೊದಲು ಓಡುವ ಬಯೋಸ್ ಪ್ರೋಗ್ರಾಮಿನಲ್ಲಿ ಬರೆದಿಟ್ಟಿದ್ದ ಹಾರ್ಡ್ ಡಿಸ್ಕಿನ ಸಿಲಿಂಡರ್, ಹೆಡ್, ಸೆಕ್ಟರ್ ಸಂಖ್ಯೆಗಳೂ ಹೋಗುತ್ತವೆ. ಡಿಸ್ಕನ್ನು ಮೊದಲು ಯಾವ ಲೆಕ್ಕದಲ್ಲಿ ಫಾರ್ಮ್ಯಾಟ್ ಮಾಡಿದ್ದರೋ ಅದೇ ಲೆಕ್ಕ ಕೊಡದಿದ್ದರೆ ಅದು ಬೂಟ್ ಆಗುವುದಿಲ್ಲ. ಡಿಸ್ಕ್ ಸತ್ತಿದೆ ಎಂದುಕೊಂಡು ಯಾರಾದರೂ ಮತ್ತೆ ಫಾರ್ಮ್ಯಾಟ್ ಮಾಡಿಬಿಟ್ಟರೆ, ನಿಮ್ಮ ಬಳಿಯೂ ಇಲ್ಲದ ಸಾಫ್ಟ್‌ವೇರ್ ಅಲ್ಲಿಗೆ ಮುಗಿಯಿತು. ಆ ಮೂರು ಸಂಖ್ಯೆಗಳನ್ನು ಕ್ಯಾಬಿನೆಟ್ಟಿನ ಒಳಬದಿಯಲ್ಲಿ ಒಂದು ಚೀಟಿ ಅಂಟಿಸಿ ಬರೆದಿದ್ದರೂ ಸಾಕಿತ್ತು.

ಪವರ್ ಸಪ್ಲೈ ವಿಷಯದಲ್ಲಿ ತೊಡಕು ಬೇರೆ ರೀತಿಯದು. ಹಳೆಯ ಎಟಿ ಮಾದರಿಯ ಬೋರ್ಡಿಗೆ ಅಡಾಪ್ಟರ್ ಮೂಲಕ ಹೊಸ ಎಟಿಎಕ್ಸ್ ಮಾದರಿಯ ಸಪ್ಲೈ ಜೋಡಿಸಬಹುದು. ಬೋರ್ಡಿಗೆ ಕರೆಂಟ್ ಕೊಡುವ ಪಿ8, ಪಿ9 ಕನೆಕ್ಟರ್‌ಗಳ ಕಪ್ಪು ತಂತಿಗಳು ನಡುವೆ ಒಟ್ಟಿಗೆ ಬರಬೇಕು, ತಿರುಗಿಸಿ ಹಾಕಿದರೆ ಬೋರ್ಡ್ ಸುಡುತ್ತದೆ. ಆದರೆ ಮೈನಸ್ 5 ವೋಲ್ಟ್ ಹೊಸ ಸಪ್ಲೈಗಳಲ್ಲಿ ಇಲ್ಲ. ಹಳೆಯ ಐಎಸ್‌ಎ ಸ್ಲಾಟಿನಲ್ಲಿ ಕೂರುವ ಕೆಲವು ಕಾರ್ಡ್‌ಗಳಿಗೆ, ಅದರಲ್ಲೂ ಅಳತೆ ತೆಗೆಯುವ ಕಾರ್ಡ್‌ಗಳಿಗೆ, ಅದು ಬೇಕು. ಕಂಪ್ಯೂಟರ್ ಚೆನ್ನಾಗಿ ಬೂಟ್ ಆಗುತ್ತದೆ, ಕಾರ್ಡ್ ಮಾತ್ರ ತಪ್ಪು ಅಂಕಿ ಕೊಡುತ್ತದೆ. ಮೈನಸ್ 12 ವೋಲ್ಟಿನಿಂದ 7905 ರೆಗ್ಯುಲೇಟರ್ ಮೂಲಕ ಮೈನಸ್ 5 ತೆಗೆದುಕೊಟ್ಟರೆ ಸರಿಹೋಗುತ್ತದೆ. ನಿಮ್ಮ ಕಾರ್ಡಿಗೆ ಆ ವೋಲ್ಟೇಜ್ ಬೇಕೋ ಬೇಡವೋ ಎಂಬ ಒಂದು ಸಾಲಿನ ಮಾಹಿತಿ ಇಲ್ಲದೆ ಇಡೀ ದಿನ ಹೋಗುತ್ತದೆ.

ಹಾರ್ಡ್ ಡಿಸ್ಕಿಗೆ ಬದಲಿ ಹುಡುಕುವುದು ಕಷ್ಟವಲ್ಲ. ಕಾಂಪ್ಯಾಕ್ಟ್ ಫ್ಲ್ಯಾಷ್ ಕಾರ್ಡ್ ಮೂಲತಃ ಹಳೆಯ ಹಾರ್ಡ್ ಡಿಸ್ಕ್‌ಗಳ ಐಡಿಇ ಸಂಕೇತಗಳನ್ನೇ ಬಳಸುತ್ತದೆ, ಸರಳ ಅಡಾಪ್ಟರ್ ಸಾಕು. ತಾನು ಸ್ಥಿರ ಡಿಸ್ಕ್ ಎಂದು ಹೇಳಿಕೊಳ್ಳುವ ಕೈಗಾರಿಕಾ ದರ್ಜೆಯ ಕಾರ್ಡ್ ತಗೊಳ್ಳಬೇಕು. ಕ್ಯಾಮೆರಾಕ್ಕೆಂದು ಮಾಡಿದ ಕಾರ್ಡನ್ನು ವಿಂಡೋಸ್ ಎಷ್ಟೋ ಸಲ ಹೊರತೆಗೆಯಬಹುದಾದ ಡಿಸ್ಕ್ ಎಂದು ತಿಳಿದು ತಕರಾರು ಮಾಡುತ್ತದೆ. ಗಾತ್ರದ ಮಿತಿಗಳೂ ನೆನಪಿರಬೇಕು: ತೀರ ಹಳೆಯ ಬಯೋಸ್‌ಗೆ 528 ಮೆಗಾಬೈಟ್, ಆಮೇಲಿನದಕ್ಕೆ 8.4 ಗಿಗಾಬೈಟ್, ಅದರ ನಂತರದ್ದಕ್ಕೆ 137 ಗಿಗಾಬೈಟ್. ಡಾಸ್‌ನ ಫ್ಯಾಟ್16 ಫೈಲ್ ವ್ಯವಸ್ಥೆಯಲ್ಲಿ ಒಂದು ಪಾರ್ಟಿಷನ್ (ಡಿಸ್ಕಿನ ಒಂದು ಪಾಲು) 2 ಗಿಗಾಬೈಟ್ ಮೀರುವಂತಿಲ್ಲ.

ಹೊಸ ಡಿಸ್ಕಿಗಿಂತ ಮುಖ್ಯವಾದದ್ದು ಹಳೆಯ ಡಿಸ್ಕಿನಲ್ಲಿ ಇರುವುದನ್ನು ಉಳಿಸುವುದು. ಸದ್ದು ಮಾಡುವ ಡಿಸ್ಕನ್ನು ಮತ್ತೆ ಮತ್ತೆ ಬೂಟ್ ಮಾಡಿ ನೋಡಬಾರದು, ಅದರ ಮೇಲೆ ಡಿಸ್ಕ್ ರಿಪೇರಿ ಮಾಡುವ ಯಾವ ಪ್ರೋಗ್ರಾಮನ್ನೂ ಓಡಿಸಬಾರದು. ಬಿಚ್ಚಿ, ಲಿನಕ್ಸ್ ಇರುವ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ, ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಮಿನಿಂದ ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಲು ಬರುವ ಭಾಗಗಳನ್ನಷ್ಟೇ ನಕಲು ತೆಗೆಯಬೇಕು. ಏನೇನು ಓದಿಯಾಯಿತೆಂದು ಬರೆದಿಡುವ ಮ್ಯಾಪ್ ಫೈಲ್ ಇಟ್ಟುಕೊಂಡರೆ ಎರಡನೇ ಸುತ್ತಿನಲ್ಲಿ ಅದು ಬಿಟ್ಟುಹೋದ ಸೆಕ್ಟರ್‌ಗಳನ್ನು ಮಾತ್ರ ಮತ್ತೆ ಪ್ರಯತ್ನಿಸುತ್ತದೆ. ಯಾವುದು ಮೂಲ, ಯಾವುದು ಗುರಿ ಎಂಬುದನ್ನು ಸೀರಿಯಲ್ ನಂಬರ್ ನೋಡಿ ಖಾತ್ರಿ ಮಾಡಿಕೊಳ್ಳದೆ ಎಂಟರ್ ಒತ್ತಬಾರದು. ಈ ಪತ್ರವನ್ನು ಓದುತ್ತಿರುವ ಯಂತ್ರದ ಮಾಲೀಕರಿಗೂ ಇದೇ ಮಾತು: ಕಂಪ್ಯೂಟರ್ ಚೆನ್ನಾಗಿ ನಡೆಯುತ್ತಿರುವಾಗಲೇ ಇಡೀ ಡಿಸ್ಕಿನ ಇಮೇಜ್, ಅಂದರೆ ಪ್ರತಿ ಸೆಕ್ಟರಿನ ನಕಲು, ಮಾಡಿಸಿ, ಎರಡು ಕಡೆ ಇಡಿ. ಫೈಲ್‌ಗಳನ್ನಷ್ಟೇ ಕಾಪಿ ಮಾಡಿದರೆ ಸಾಲದು, ಬೂಟ್ ಸೆಕ್ಟರೂ ಕೆಲವು ಪ್ರೋಗ್ರಾಂಗಳು ಗುಟ್ಟಾಗಿ ಬರೆದಿಟ್ಟ ಲೈಸನ್ಸ್ ಸೆಕ್ಟರೂ ಅದರಲ್ಲಿ ಬರುವುದಿಲ್ಲ. ಬಯೋಸ್‌ನ ಪ್ರತಿ ಪುಟ, ಕಾರ್ಡ್‌ಗಳ ಸೆಟ್ಟಿಂಗ್ ನಿರ್ಧರಿಸುವ ಜಂಪರ್‌ಗಳು, ಯಾವ ಕೇಬಲ್ ಎಲ್ಲಿಗೆ ಎಂಬುದು, ಎಲ್ಲದರ ಫೋಟೋ ಇರಲಿ.

ಇಲ್ಲಿಯವರೆಗಿನದ್ದು ನಮ್ಮ ಕೈಯಲ್ಲಿದೆ. ಇನ್ನು ಮುಂದಿನದ್ದು ನಿಮ್ಮದು.

ಹಳೆಯ ಪ್ರಿಂಟರ್‌ಗಳ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವ ಡಾಂಗಲ್, ಅಂದರೆ ಇದ್ದರೆ ಮಾತ್ರ ಪ್ರೋಗ್ರಾಂ ಓಡಲು ಬಿಡುವ ಬೀಗದ ಕೈಯಂಥ ಸಾಧನ, ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಸಲ ನಿಲ್ಲಿಸಿದೆ. ಅದನ್ನು ಹುಡುಕುವ ಪ್ರೋಗ್ರಾಂ ನೇರವಾಗಿ 378 ಹೆಕ್ಸ್ ವಿಳಾಸದ ರಿಜಿಸ್ಟರ್‌ಗಳಿಗೆ ಬರೆದು ಓದುತ್ತದೆ. ಯುಎಸ್‌ಬಿಯಿಂದ ಪ್ಯಾರಲಲ್ ಮಾಡುವ ಅಡಾಪ್ಟರ್ ಪ್ರಿಂಟರಿಗೆ ಮಾತ್ರ ಆಗುತ್ತದೆ, ಆ ರಿಜಿಸ್ಟರ್‌ಗಳೇ ಅದರಲ್ಲಿಲ್ಲ. ಪಿಸಿಐ ಪ್ಯಾರಲಲ್ ಕಾರ್ಡ್ ಹಾಕಿದರೆ ವಿಳಾಸ ಬೇರೆ ಬರುತ್ತದೆ, 378, 278, 3ಬಿಸಿ ಬಿಟ್ಟು ಬೇರೆಡೆ ನೋಡದ ಪ್ರೋಗ್ರಾಂ ಡಾಂಗಲ್ ಇಲ್ಲ ಎನ್ನುತ್ತದೆ. ಬೋರ್ಡಿನಲ್ಲೇ ಪೋರ್ಟ್ ಇದ್ದಾಗಲೂ ಬಯೋಸ್‌ನಲ್ಲಿ ಪೋರ್ಟಿನ ವಿಧಾನ ಇಸಿಪಿ ಎಂದು ಇದ್ದದ್ದನ್ನು ಎಸ್‌ಪಿಪಿ ಅಥವಾ ಇಪಿಪಿಗೆ ಬದಲಿಸಿದ ಮೇಲೆ ಕೆಲಸ ಮಾಡುವ ಡಾಂಗಲ್‌ಗಳಿವೆ. ಇಷ್ಟೆಲ್ಲ ಸರಿಮಾಡಿದರೂ, ಎರಡು ದಶಕ ಹಳೆಯ ಡಾಂಗಲ್ಲೇ ಸತ್ತರೆ ಏನು ಗತಿ? ಹಣ ಕೊಟ್ಟು ಲೈಸನ್ಸ್ ಪಡೆದವರು ತಮ್ಮದೇ ಸಾಫ್ಟ್‌ವೇರಿನ ಹೊರಗೆ ನಿಲ್ಲುತ್ತಾರೆ. ಅಮೆರಿಕದಲ್ಲಿ ಕೃತಿಸ್ವಾಮ್ಯ ನಿಯಮಗಳಿಗೆ ಕೊಡುವ ವಿನಾಯಿತಿಗಳಲ್ಲಿ, ಕೆಟ್ಟುಹೋದ ಮತ್ತು ಬದಲಿ ಸಿಗದ ಡಾಂಗಲ್‌ಗಳನ್ನು ದಾಟಿ ಹೋಗಲು 2003, 2006, 2010ರಲ್ಲಿ ಅವಕಾಶ ಇತ್ತು. ಇದು ಕಳ್ಳರ ಬೇಡಿಕೆ ಅಲ್ಲ, ಗ್ರಾಹಕರ ಕಷ್ಟ ಎಂದು ಒಂದು ದೇಶದ ಕಾನೂನೇ ಆಗ ಒಪ್ಪಿತ್ತು.

ಸೀರಿಯಲ್ ಪೋರ್ಟಿನ ಕಥೆಯೂ ಹತ್ತಿರ ಹತ್ತಿರ ಇದೇ. ವಿಂಡೋಸ್ ಮೂಲಕ ಪೋರ್ಟನ್ನು ಕೇಳುವ ಪ್ರೋಗ್ರಾಂ ಆದರೆ ಯುಎಸ್‌ಬಿ ಅಡಾಪ್ಟರ್ ನಡೆಯುತ್ತದೆ. ಯಂತ್ರ ಆಗಾಗ ಟೈಂಔಟ್ ಎಂದರೆ ಮಾಹಿತಿ ಕಳಿಸುವ ಮೊದಲು ಎಷ್ಟು ಹೊತ್ತು ಕಾಯಬೇಕೆಂದು ಹೇಳುವ, ಅಡಾಪ್ಟರ್ ಡ್ರೈವರಿನ ಲೇಟೆನ್ಸಿ ಟೈಮರ್ ನೋಡಬೇಕು. ಎಫ್‌ಟಿಡಿಐ ಕಂಪನಿಯ ಚಿಪ್‌ಗಳಲ್ಲಿ ಅದು 16 ಮಿಲಿಸೆಕೆಂಡಿಗೆ ನಿಂತಿರುತ್ತದೆ, ಅದನ್ನು 1ಕ್ಕೆ ಇಳಿಸಿದರೆ ಎಷ್ಟೋ ಯಂತ್ರಗಳು ಸುಮ್ಮನಾಗುತ್ತವೆ. ಆದರೆ ಸೀರಿಯಲ್ ಪೋರ್ಟಿನ 3ಎಫ್8 ವಿಳಾಸಕ್ಕೆ ತಾನೇ ಹೋಗಿ ಮಾತಾಡುವ ಡಾಸ್ ಪ್ರೋಗ್ರಾಮಿಗೆ ಆ ಅಡಾಪ್ಟರ್ ಇದ್ದದ್ದೇ ಗೊತ್ತಾಗುವುದಿಲ್ಲ. ಕಂಪ್ಯೂಟರ್ ಮತ್ತು ಕಂಟ್ರೋಲರ್ ನಡುವೆ ಹೋಗುವ ಬೈಟ್‌ಗಳ ಅರ್ಥವನ್ನು ನೀವು ಒಂದು ಕಡತದಲ್ಲಿ ಬರೆದು ಕೊಟ್ಟರೆ, ಆ ಕೆಲಸವನ್ನು ಹೊಸ ಕಂಪ್ಯೂಟರಿನಲ್ಲಿ ಮಾಡುವ ಸಣ್ಣ ಪ್ರೋಗ್ರಾಂ ಬರೆಯಬಲ್ಲವರು ಬಹಳ ಜನ ಇದ್ದಾರೆ.

ವೇಗದ ಕಂಪ್ಯೂಟರಿಗೆ ಹಾಕಿ ಎಂಬ ಸಲಹೆಯನ್ನೂ ನೀವು ಕೊಡುತ್ತೀರಿ. ಆದರೆ ಟರ್ಬೊ ಪಾಸ್ಕಲ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಬಹಳಷ್ಟು ಪ್ರೋಗ್ರಾಂಗಳು ಸುಮಾರು 200 ಮೆಗಾಹರ್ಟ್ಜ್ ದಾಟಿದ ಪ್ರೊಸೆಸರಿನಲ್ಲಿ ತೆರೆಯುತ್ತಲೇ ರನ್‌ಟೈಂ ಎರರ್ 200 ಎಂದು ಸಾಯುತ್ತವೆ. ಶುರುವಿನಲ್ಲಿ ಅವು ಒಂದು ಟೈಮರ್ ಟಿಕ್ಕಿನಲ್ಲಿ, ಅಂದರೆ 55 ಮಿಲಿಸೆಕೆಂಡಿನಲ್ಲಿ, ಎಷ್ಟು ಸುತ್ತು ತಿರುಗಿದವೆಂದು ಎಣಿಸಿ 55ರಿಂದ ಭಾಗಿಸುತ್ತವೆ. ಪ್ರೊಸೆಸರ್ ವೇಗವಾದಷ್ಟೂ ಉತ್ತರ ದೊಡ್ಡದಾಗಿ 16 ಬಿಟ್‌ನಲ್ಲಿ ಹಿಡಿಸುವುದಿಲ್ಲ. ಪ್ರೋಗ್ರಾಮಿನ ಕೆಲವೇ ಬೈಟ್ ತಿದ್ದಿದರೆ ಇದು ಸರಿಯಾಗುತ್ತದೆ, ತಿದ್ದುವ ಉಪಕರಣಗಳು ಉಚಿತವಾಗಿಯೇ ಸಿಗುತ್ತವೆ. ಆದರೆ ನಕಲು ತಡೆಗೆಂದು ತನ್ನ ಚೆಕ್‌ಸಮ್ (ತಿದ್ದಲಾಗಿದೆಯೇ ಎಂದು ತಿಳಿಸುವ ಸಂಖ್ಯೆ) ತಾನೇ ನೋಡಿಕೊಳ್ಳುವ ಪ್ರೋಗ್ರಾಂ ತಿದ್ದಿದ ಕೂಡಲೇ ಓಡಲು ಒಪ್ಪುವುದಿಲ್ಲ. ಅಲ್ಲಿಗೆ ಮತ್ತೆ ನಿಮ್ಮ ಬಾಗಿಲು.

ವರ್ಚುವಲ್ ಮೆಷಿನ್, ಅಂದರೆ ಹೊಸ ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ರೂಪದಲ್ಲಿ ಓಡುವ ಇನ್ನೊಂದು ಕಂಪ್ಯೂಟರ್, ಒಳ್ಳೆಯ ದಾರಿ, ಲೆಕ್ಕಪತ್ರದಂಥ ಬರೀ ಸಾಫ್ಟ್‌ವೇರ್ ಇರುವ ಕಡೆ ನಾವು ಮೊದಲು ಸೂಚಿಸುವುದೇ ಅದನ್ನು. 64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ಪ್ರೋಗ್ರಾಂಗಳು ಓಡುವುದಿಲ್ಲ, ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ, ಆದ್ದರಿಂದ ಬೇರೆ ದಾರಿಯೂ ಕಡಿಮೆ. ಎಕ್ಸ್‌ಪಿ ಡಿಸ್ಕಿನ ಇಮೇಜನ್ನು ತಂದು ಹಾಕಿದಾಗ 7ಬಿ ಎಂಬ ನೀಲಿ ಪರದೆ ಬಂದರೆ ವರ್ಚುವಲ್ ಡಿಸ್ಕನ್ನು ಐಡಿಇ ಕಂಟ್ರೋಲರಿಗೆ ಬದಲಿಸಿದಾಗ ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೆ ಐಎಸ್‌ಎ ಕಾರ್ಡನ್ನು ವರ್ಚುವಲ್ ಮಾಡಲಾಗದು. ಐಎಸ್‌ಎ ಸ್ಲಾಟ್ ಇರುವ ಕೈಗಾರಿಕಾ ಬೋರ್ಡ್‌ಗಳು ಈಗಲೂ ತಯಾರಾಗುತ್ತವೆ, ಕೊಳ್ಳುವ ಮುನ್ನ ಆ ಸ್ಲಾಟಿನಲ್ಲಿ ಡಿಎಂಎ (ಪ್ರೊಸೆಸರ್ ನಡುವೆ ಬರದೆ ಕಾರ್ಡ್ ಮತ್ತು ಮೆಮೊರಿ ನಡುವೆ ನೇರವಾಗಿ ಮಾಹಿತಿ ಹೋಗುವ ವಿಧಾನ) ನಡೆಯುತ್ತದೆಯೇ ಕೇಳಿ. ಸೇತುವೆ ಚಿಪ್ ಮೂಲಕ ಐಎಸ್‌ಎ ಕೊಡುವ ಹಲವು ಬೋರ್ಡ್‌ಗಳಲ್ಲಿ ಅದು ಇರುವುದಿಲ್ಲ. ನಿಮ್ಮ ಕಾರ್ಡ್ ಡಿಎಂಎ ಬಳಸುತ್ತದೆಯೇ ಎಂದು ಹೇಳಬಲ್ಲವರು ನೀವು ಮಾತ್ರ.

ಹಳೆಯ ಕಂಪ್ಯೂಟರ್ ಸುರಕ್ಷಿತವಲ್ಲ ಎಂದು ನೀವು ಹೇಳುವುದು ನಿಜ. ಎಕ್ಸ್‌ಪಿಗೆ ಸಪೋರ್ಟ್ ನಿಂತದ್ದು 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು. ಇವುಗಳಲ್ಲಿ ಯಾವುದನ್ನೂ ಇಂಟರ್ನೆಟ್ಟಿಗೆ ನೇರವಾಗಿ ಬಿಡಬಾರದು ಎಂದು ನಾವೂ ಪ್ರತಿ ಗ್ರಾಹಕರಿಗೆ ಹೇಳುತ್ತೇವೆ. ಎಕ್ಸ್‌ಪಿಗೆ ಬರುವುದು ನೆಟ್‌ವರ್ಕಿನಲ್ಲಿ ಫೈಲ್ ಹಂಚಿಕೊಳ್ಳುವ ಹಳೆಯ ವಿಧಾನವಾದ ಎಸ್‌ಎಂಬಿ 1 ಮಾತ್ರ, ಹೊಸ ಸರ್ವರ್‌ಗಳು ಅದನ್ನು ಮುಚ್ಚಿರುತ್ತವೆ. ಎಕ್ಸ್‌ಪಿ ಫೈಲ್ ಕಳಿಸಲಿ ಎಂದು ಕಚೇರಿಯ ಸರ್ವರಿನಲ್ಲಿ ಅದನ್ನು ತೆರೆದರೆ ಇಡೀ ಕಚೇರಿಗೆ ಅಪಾಯ. ಎರಡು ನೆಟ್‌ವರ್ಕ್ ಕಾರ್ಡ್ ಇರುವ ಸಣ್ಣ ಲಿನಕ್ಸ್ ಪೆಟ್ಟಿಗೆಯೊಂದನ್ನು ನಡುವೆ ಇಡಿ: ಒಂದು ಕಡೆ ಯಂತ್ರ ಮಾತ್ರ, ಇನ್ನೊಂದು ಕಡೆ ಕಚೇರಿ, ನಡುವೆ ರೂಟಿಂಗ್ ಇಲ್ಲ, ಒಂದೇ ಫೋಲ್ಡರ್. ಸುರಕ್ಷತೆಯ ಹೆಸರಿನಲ್ಲಿ ಯಂತ್ರವನ್ನೇ ಬಿಸಾಡಬೇಕಾಗಿಲ್ಲ.

ಮುಗಿದ ಮೇಲೂ ಕೊಡಲು ಬರುತ್ತದೆ ಎಂಬುದಕ್ಕೆ ಉದಾಹರಣೆಗಳಿವೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ಸಾಫ್ಟ್‌ವೇರ್ ಹರಡಿದಾಗ, ಸಪೋರ್ಟ್ ನಿಂತು ಮೂರು ವರ್ಷವಾಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಪ್ಯಾಚ್ ಕೊಟ್ಟಿತು. ಸಿಎಸ್2 ಎಂಬ ವಿನ್ಯಾಸ ಸಾಫ್ಟ್‌ವೇರಿನ ಆ್ಯಕ್ಟಿವೇಷನ್ ಸರ್ವರ್ ಮುಚ್ಚಿದಾಗ ಅಡೋಬಿ ತನ್ನ ಹಳೆಯ ಗ್ರಾಹಕರಿಗೆ ಆ್ಯಕ್ಟಿವೇಷನ್ ಬೇಡದ ಪ್ರತಿಯನ್ನು ಕೊಟ್ಟಿತು. ಸರ್ವರ್ ಕಂಪ್ಯೂಟರ್‌ಗಳ ಫರ್ಮ್‌ವೇರ್ (ಯಂತ್ರದೊಳಗೇ ಇರುವ ಪ್ರೋಗ್ರಾಂ), ಆ ಮಾದರಿಯ ಕೊನೆಯ ಯಂತ್ರ ಮಾರುಕಟ್ಟೆಗೆ ಬಂದ ಮೇಲೂ ಕನಿಷ್ಠ ಎಂಟು ವರ್ಷ ಸಿಗುವಂತಿರಬೇಕು ಎಂದು ಯುರೋಪಿಯನ್ ಒಕ್ಕೂಟ 2019ರ ನಿಯಮದಲ್ಲಿ ಬರೆದಿದೆ. ನಾವು ಕೇಳುವುದು ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ.

ಒಂದು ಮಾದರಿಯ ಸಪೋರ್ಟ್ ನಿಲ್ಲಿಸುವ ದಿನವೇ ಅದರ ಲೈಸನ್ಸ್ ಹೊಂದಿದವರಿಗೆಲ್ಲ ಡಾಂಗಲ್ಲೂ ಆ್ಯಕ್ಟಿವೇಷನ್ನೂ ಬೇಡದ ಕೊನೆಯ ಆವೃತ್ತಿಯನ್ನು ಕೊಡಿ. ಇನ್‌ಸ್ಟಾಲ್ ಮಾಡುವ ಡಿಸ್ಕ್‌ಗಳ ಇಮೇಜು, ಡ್ರೈವರ್‌ಗಳು, ಕಾರ್ಡ್ ಮತ್ತು ಕಂಟ್ರೋಲರಿನ ಪ್ರೋಗ್ರಾಂ ಹಿಡಿದಿಟ್ಟಿರುವ ಈಪ್ರಾಮ್ ಚಿಪ್‌ಗಳ ಪ್ರತಿ, ಅವುಗಳ ಚೆಕ್‌ಸಮ್ ಸಹಿತ, ಲಾಗಿನ್ ಇಲ್ಲದೆ ಇಳಿಸಿಕೊಳ್ಳುವಂತೆ ಇಡಿ. ಈಪ್ರಾಮ್‌ನಲ್ಲಿ ಮಾಹಿತಿ ಇರುವುದು ವಿದ್ಯುದಾವೇಶದ ರೂಪದಲ್ಲಿ, ದಶಕಗಳಲ್ಲಿ ಅದು ಸೋರಿಹೋಗುತ್ತದೆ. ಆಗ ಖಾಲಿ ಚಿಪ್ ಸಿಕ್ಕರೂ ಅದಕ್ಕೆ ಬರೆಯಲು ಏನೂ ಇರುವುದಿಲ್ಲ. ಸರ್ಕ್ಯೂಟ್ ನಕ್ಷೆ, ಜಂಪರ್ ಪಟ್ಟಿ, ಕಾರ್ಡಿಗೆ ಬೇಕಾದ ವೋಲ್ಟೇಜ್, ಐಆರ್‌ಕ್ಯೂ (ಕಾರ್ಡ್ ಪ್ರೊಸೆಸರಿನ ಗಮನ ಸೆಳೆಯುವ ಸಂಕೇತದ ಸಂಖ್ಯೆ), ಡಿಎಂಎ, ಸೀರಿಯಲ್ ಸಂವಹನದ ವಿವರ, ಅಳತೆ ಸರಿಪಡಿಸುವ ಕ್ರಮ ಇರುವ ಸರ್ವಿಸ್ ಪುಸ್ತಕವನ್ನೂ ಅದರ ಜೊತೆ ಇಡಿ. ಮೂಲ ಕೋಡ್ ಕೊಡಲಾಗದಿದ್ದರೆ ಬೇಡ. ನೀವು ಇನ್ನು ಮಾರದೇ ಇರುವ, ಯಾರಿಗೂ ಪೈಪೋಟಿ ಕೊಡದ ಪ್ರೋಗ್ರಾಮಿನ ಬೀಗ ತೆಗೆದರೆ ನಿಮಗೆ ಆಗುವ ನಷ್ಟ ನಮಗೆ ಕಾಣುವುದಿಲ್ಲ.

ಹೊಸ ಯಂತ್ರ ಕೊಳ್ಳುತ್ತಿರುವ ಆಸ್ಪತ್ರೆ, ಕಾರ್ಖಾನೆ, ಪ್ರಯೋಗಾಲಯಗಳ ಖರೀದಿ ವಿಭಾಗದವರು ಇದನ್ನೆಲ್ಲ ಒಪ್ಪಂದದಲ್ಲೇ ಬರೆಸಿಕೊಳ್ಳಲಿ. ಮಾರಾಟಕ್ಕೆ ಮೊದಲು ಕೇಳಿದ್ದು ಸಿಕ್ಕಷ್ಟು ಸುಲಭವಾಗಿ ಇಪ್ಪತ್ತು ವರ್ಷದ ನಂತರ ಕೇಳಿದ್ದು ಸಿಗುವುದಿಲ್ಲ.

ಕೊನೆಯದಾಗಿ ಒಂದು ತುರ್ತು ವಿಷಯ. ನಿಮ್ಮ ಸಂಗ್ರಹದಲ್ಲಿರುವ ಮಾಸ್ಟರ್ ಫ್ಲಾಪಿಗಳೂ ಗ್ರಾಹಕರ ಫ್ಲಾಪಿಗಳಷ್ಟೇ ಹಳತಾಗಿವೆ. ಅವನ್ನು ಡ್ರೈವಿಗೆ ಹಾಕುವ ಮೊದಲು ಫ್ಲಾಪಿಯ ಮೇಲಿರುವ ಪುಟ್ಟ ಕಿಟಕಿ ಸರಿಸಿ ಮೇಲ್ಮೈ ನೋಡಿ. ಬೂಷ್ಟು ಇದ್ದರೆ ಓದಿಸಬೇಡಿ, ಒಂದು ಫ್ಲಾಪಿಯ ಬೂಷ್ಟು ಹೆಡ್‌ಗೆ ಮೆತ್ತಿ ಮುಂದಿನದನ್ನು ಗೀರುತ್ತದೆ. ಹೆಡ್‌ಗಳನ್ನು ಐಸೋಪ್ರೊಪೈಲ್‌ನಿಂದ ಒರೆಸಿ, ರೈಟ್ ಪ್ರೊಟೆಕ್ಟ್ ಹಾಕಿ, ಪ್ರತಿಯೊಂದರ ಇಮೇಜ್ ತೆಗೆಯಿರಿ, ಓದಲಾಗದ ಸೆಕ್ಟರ್ ಬಂದರೆ ಬೇರೊಂದು ಡ್ರೈವಿನಲ್ಲಿ ಪ್ರಯತ್ನಿಸಿ. ಸಿಬ್ಬಂದಿ ಇಲ್ಲವೆಂದರೆ ನಮಗೆ ಕಳಿಸಿ, ಈ ಕೆಲಸವನ್ನು ನಾವು ಉಚಿತವಾಗಿ ಮಾಡಿಕೊಡಲು ಸಿದ್ಧರಿದ್ದೇವೆ. ಸಪೋರ್ಟ್ ನಿಲ್ಲಿಸಿದ ಮಾದರಿಗಳ ಪಟ್ಟಿಯನ್ನೂ ಅವುಗಳಲ್ಲಿ ಯಾವುದರ ಏನೇನು ನಿಮ್ಮ ಬಳಿ ಉಳಿದಿದೆ ಎಂಬುದನ್ನೂ ಮೊದಲು ಪ್ರಕಟಿಸಿ ಎಂದು ಕೋರುತ್ತೇವೆ.

ಇಂತಿ,
ಹಳೆಯ ಕಂಪ್ಯೂಟರ್‌ಗಳ ರಿಪೇರಿ ಕೆಲಸದವರು